ರೆಕ್ಕೆ ಬಿಳುಚಿಕೊಂಡಾಗ: ನನ್ನ ಅನುಭವ

ಚಿಕ್ಕಬಳ್ಳಾಪುರದ ಹತ್ತಿರ ಒಂದು ಶೆಡ್ಡಿನಲ್ಲಿ ನಾವು ನಾಲ್ಕು ಜನ ಭಾನುವಾರ ಸೇರಿ ಹಳೇ ಪುಷ್ಪಕ ವಿಮಾನವನ್ನು ಮತ್ತೆ ಹಾರಿಸಲು ಒದ್ದಾಡುತ್ತಿದ್ದೇವೆ. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಎರಡು ಸೀಟಿನ ಪುಟ್ಟ ವಿಮಾನ. ರೆಕ್ಕೆಗೆ ಬಟ್ಟೆ, ಬಟ್ಟೆಗೆ ಡೋಪ್, ಅಂದರೆ ಬಟ್ಟೆಯನ್ನು ಬಿಗಿಗೊಳಿಸುವ ಮೆರುಗೆಣ್ಣೆ.

ಜಿಟಿಜಿಟಿ ಮಳೆಯಲ್ಲೇ ಡೋಪ್ ಹೊಡೆದೆ, ಅವಸರ ನನ್ನದೇ. ಸ್ವಲ್ಪ ಹೊತ್ತಿಗೆ ರೆಕ್ಕೆಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಎದೆ ಧಸಕ್ಕೆಂದಿತು.

ನಮ್ಮ ಹಿರಿಯ ಮೆಕ್ಯಾನಿಕ್ ಬೆರಳಾಡಿಸಿ, "ಬಟ್ಟೆಗೇನೂ ಆಗಿಲ್ಲ ಕಣಪ್ಪ, ತೇವ ಕೂತಿದೆ" ಅಂದರು. ಡೋಪನ್ನು ತೆಳುಮಾಡಲು ಬೆರೆಸುವ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಇಳಿಯುತ್ತದೆ. ಬಿಸಿಲು ಬಿದ್ದ ದಿನ ನಿಧಾನ ಆರುವ ರಿಟಾರ್ಡರ್ ಬೆರೆಸಿದ ಥಿನ್ನರನ್ನು ತೆಳ್ಳಗೆ ಸಿಂಪಡಿಸಿದೆ. ಬಿಳುಪು ಕಣ್ಣೆದುರೇ ಕರಗಿತು. ಈಗ ಗೋಡೆಗೊಂದು ತೇವಮಾಪಕ ತೂಗುಹಾಕಿದ್ದೇವೆ.