ಗದ್ದೆಯ ಟಿಪ್ಪಣಿಗಳನ್ನು ವೆಬ್‌ಸೈಟ್ ಮಾಡಿದ್ದು: ನನ್ನ ಅನುಭವ

ಗಂಗಾವತಿಯಿಂದ ಕಾರಟಗಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಗದ್ದೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸೋನಾ ಮಸೂರಿ ಭತ್ತ. ನಾಟಿ ಯಾವತ್ತು, ಗೊಬ್ಬರ ಎಷ್ಟು, ಕಾಲುವೆಗೆ ನೀರು ಯಾವಾಗ ಬಂತು, ಎಲ್ಲವನ್ನೂ ಮೊಬೈಲಿನ ಮಾರ್ಕರ್ ಆ್ಯಪ್‌ನಲ್ಲಿ ಸಾದಾ ಟೆಕ್ಸ್ಟ್ ಫೈಲಾಗಿ ಬರೆದಿಡುತ್ತೇನೆ. ದಿನಕ್ಕೊಂದು ಫೈಲ್. ಫೈಲಿನ ಹೆಸರಿನಲ್ಲಿ ಮೊದಲು ತಾರೀಕು, ಆಮೇಲೆ ಕನ್ನಡದಲ್ಲಿ ಒಂದೆರಡು ಪದ. ಅವು ಸಿಂಕ್‌ಥಿಂಗ್ ಮೂಲಕ ಲ್ಯಾಪ್‌ಟಾಪಿಗೆ ತಾವಾಗಿಯೇ ಬರುತ್ತವೆ.

ಇದನ್ನು ನಾಲ್ಕು ಜನರಿಗೆ ತೋರಿಸಬೇಕು ಅನ್ನಿಸಿದ್ದು ತುಂಗಭದ್ರಾ ಡ್ಯಾಮಿನ 19ನೇ ಗೇಟು ಹೋದ ಮೇಲೆ. 2024ರ ಆಗಸ್ಟ್ 10ರ ರಾತ್ರಿ ಅದರ ಚೈನು ಕಟ್ಟಾಯಿತು. ಮರುದಿನದ ನನ್ನ ಟಿಪ್ಪಣಿ ಹೀಗಿದೆ:

19ನೇ ಗೇಟು ಕೊಚ್ಚಿ ಹೋಗಿದೆ.
ನಾಟಿ ಮುಗಿದು ಎಂಟು ದಿನ.
ಕಾಲುವೆಯಲ್ಲಿ ನೀರು ಇದೆ, ಎಷ್ಟು ದಿನ ಗೊತ್ತಿಲ್ಲ.
ಯಾರಿಗೂ ನಿದ್ದೆ ಇಲ್ಲ.

ಮರುವರ್ಷ ಸಿಂಧನೂರಿನ ಮಾವ ಫೋನ್ ಮಾಡಿ, ಆ ವಾರ ನಿಮ್ಮ ಕಡೆ ನೀರು ಯಾವ ಯಾವ ದಿನ ಇತ್ತು ಅಂತ ಕೇಳಿದರು. ಅವರು ಎಲ್ಲ ವಾಟ್ಸಾಪ್‌ನಲ್ಲಿ ಇಟ್ಟುಕೊಂಡಿದ್ದರು, ಫೋನ್ ಬದಲಾದಾಗ ಹೋಯಿತು. ನನ್ನ ಹತ್ತಿರ ಇತ್ತು. ಇಂಥದ್ದು ಒಬ್ಬನ ಲ್ಯಾಪ್‌ಟಾಪಿನಲ್ಲಿ ಸುಮ್ನೆ ಕೂತಿರಬಾರದು ಅಲ್ವಾ?

ಹ್ಯೂಗೊ ಆರಿಸಿಕೊಂಡೆ. ಟೆಕ್ಸ್ಟ್ ಫೈಲುಗಳಿಂದ ಸೈಟ್ ಕಟ್ಟಿಕೊಡುವ, 2013ರಿಂದ ಇರುವ ತಂತ್ರಾಂಶ, ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಒಂದೇ ಫೈಲ್ ಇಳಿಸಿಕೊಂಡರೆ ಸಾಕು. ಡೇಟಾಬೇಸ್ ಬೇಡ. ಹಳೇ ಲ್ಯಾಪ್‌ಟಾಪಿನಲ್ಲೂ ಚಕ್ ಅಂತ ಓಡುತ್ತದೆ. ಪ್ರತಿ ಪುಟದ ತಲೆಗೆ ಮೂರು ಅಡ್ಡಗೆರೆಗಳ ಎರಡು ಸಾಲು, ಅವುಗಳ ನಡುವೆ ಶೀರ್ಷಿಕೆ, ತಾರೀಕು, ಟ್ಯಾಗ್ ಇರಬೇಕು ಅಂತ ಕೇಳುತ್ತದೆ. ಗದ್ದೆಯ ಬದುವಿನ ಮೇಲೆ ನಿಂತು ಅದನ್ನೆಲ್ಲ ಟೈಪ್ ಮಾಡಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಮೊದಲ ಸಾಲು ಶೀರ್ಷಿಕೆ ಆಗುತ್ತದೆ, ಫೈಲಿನ ಹೆಸರಿನಿಂದ ತಾರೀಕು ಬರುತ್ತದೆ, #ಕಾಲುವೆ, #ಭತ್ತ ಅಂತ ಬರೆದಿದ್ದರೆ ಅವು ಟ್ಯಾಗ್. ಮೂಲ ಫೈಲನ್ನು ಸ್ಕ್ರಿಪ್ಟ್ ಮುಟ್ಟುವುದೇ ಇಲ್ಲ. ಬರೀ ನಕಲು ತೆಗೆದು ಹ್ಯೂಗೊ ಫೋಲ್ಡರಿಗೆ ಹಾಕುತ್ತದೆ.

ಮೊದಲ ಸಲ ನೋಡಿದಾಗ ಮೇಲಿನ ನಾಲ್ಕು ಸಾಲು ಒಂದೇ ಸಾಲಾಗಿ ಅಂಟಿಕೊಂಡಿತ್ತು. ಹ್ಯೂಗೊ ಓದುವ ಮಾರ್ಕ್‌ಡೌನ್ ಬರವಣಿಗೆಯ ರೀತಿಯೇ ಹಾಗೆ, ನಡುವೆ ಖಾಲಿ ಸಾಲು ಬಿಡದಿದ್ದರೆ ಎಲ್ಲ ಒಂದೇ ಪ್ಯಾರಾ. ಹ್ಯೂಗೊ ಸೆಟ್ಟಿಂಗ್ ಫೈಲಿನಲ್ಲಿ ಗೋಲ್ಡ್‌ಮಾರ್ಕ್ ಅನ್ನುವ ಭಾಗದಲ್ಲಿ ಹಾರ್ಡ್‌ರ್‍ಯಾಪ್ಸ್ ಆನ್ ಮಾಡಿದೆ, ಸರಿಹೋಯಿತು.

ತಾರೀಕಿನದು ಜಾಸ್ತಿ ತಲೆ ತಿಂದಿತು. ಬೆಳಗಿನ ಜಾವ ನಾಲ್ಕಕ್ಕೆ ನೀರು ನೋಡಲು ಹೋಗಿ ಬಂದು, ಬರೆದು, ಸೈಟ್ ಕಟ್ಟಿದರೆ ಆ ದಿನದ ಪುಟ ಬರುತ್ತಲೇ ಇರಲಿಲ್ಲ. ಆರು ಗಂಟೆಗೆ ಮತ್ತೆ ಕಟ್ಟಿದರೆ ಬರುತ್ತಿತ್ತು. ಏನೂ ಬದಲಿಸಿರಲಿಲ್ಲ! ಬರೀ ತಾರೀಕು ಕೊಟ್ಟರೆ ಹ್ಯೂಗೊ ಅದನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಲೆಕ್ಕದ ಮಧ್ಯರಾತ್ರಿ ಅಂದುಕೊಳ್ಳುತ್ತದೆ, ಅಂದರೆ ನಮಗೆ ಬೆಳಗಿನ ಐದೂವರೆ. ಮುಂದಿನ ಸಮಯದ ಪುಟಗಳನ್ನು ಅದು ತಾನಾಗಿ ಹೊರಗೆ ಬಿಡುವುದಿಲ್ಲ. ಟೈಮ್‌ಝೋನ್ ಅನ್ನು ಏಷ್ಯಾ/ಕೋಲ್ಕತಾ ಅಂತ ಕೊಟ್ಟೆ, ಮುಗಿಯಿತು. ಇದನ್ನು ಹುಡುಕಲು ಮೂರು ದಿನ ಹಿಡಿಯಿತು.

ಫೈಲಿನ ಕನ್ನಡ ಹೆಸರು ಹಾಗೇ ವಿಳಾಸಕ್ಕೆ ಹೋದರೆ, ಲಿಂಕ್ ಕಾಪಿ ಮಾಡಿ ಕಳಿಸಿದಾಗ ಒಂದೊಂದು ಚಿಹ್ನೆಯೂ ಶೇಕಡಾ ಗುರುತಿನ ಒಂಬತ್ತು ಅಕ್ಷರ ಆಗುತ್ತದೆ. ‘ಗಂಗಾವತಿ’ ಒಂದೇ 63 ಅಕ್ಷರ. ಹಾಗಾಗಿ ಸೈಟಿನಲ್ಲಿ ತಾರೀಕು ಮಾತ್ರ, 2024-08-11. ಒಂದೇ ದಿನ ಎರಡು ಇದ್ದರೆ ಕೊನೆಗೆ -2.

ಈಗ ನನಗೆ ನಾಚಿಕೆ ತಂದ ಸಂಗತಿ. ಶುರುವಿನಲ್ಲಿ ಎಲ್ಲ ಟಿಪ್ಪಣಿಗಳನ್ನೂ ಕಳಿಸುತ್ತಿದ್ದೆ. ಒಂದರಲ್ಲಿ ಪಕ್ಕದ ಗದ್ದೆಯವನು ಗೊಬ್ಬರಕ್ಕೆ ನನ್ನಿಂದ ಪಡೆದ ಸಾಲದ ಲೆಕ್ಕ ಇತ್ತು. ಅವನೇ ಬಂದು, “ಅಣ್ಣಾ, ನನ್ ಲೆಕ್ಕ ಅದ್ರಾಗ ಯಾಕ್ ಹಾಕೀರಿ?” ಅಂದ. ಏನು ಹೇಳಲಿ? ಕೂಡಲೇ ಟಿಪ್ಪಣಿ ತೆಗೆದು ಸೈಟ್ ಮತ್ತೆ ಕಟ್ಟಿ ಏರಿಸಿದೆ. ಪುಟ ಹಾಗೇ ಇತ್ತು! ಹ್ಯೂಗೊ ಹೊಸದಾಗಿ ಕಟ್ಟುವಾಗ ಕಟ್ಟಿದ ಪುಟಗಳು ಹೋಗಿ ಕೂರುವ ಪಬ್ಲಿಕ್ ಫೋಲ್ಡರಿನ ಹಳೇ ಪುಟಗಳನ್ನು ತಾನಾಗಿ ಅಳಿಸುವುದಿಲ್ಲ, ನಾನು ಅದನ್ನೇ ಏರಿಸುತ್ತಿದ್ದೆ. ಅದನ್ನು ಅಳಿಸಿದರೂ, ಫೈಲುಗಳ ಪ್ರತಿ ಬದಲಾವಣೆಯನ್ನೂ ನೆನಪಿಡುವ ಗಿಟ್‌ನ ಇತಿಹಾಸದಲ್ಲಿ ಲೆಕ್ಕ ಉಳಿದೇ ಇತ್ತು. ಕೊನೆಗೆ ಗಿಟ್‌ಹಬ್‌ನಲ್ಲಿದ್ದ ಇಡೀ ರೆಪೊಸಿಟರಿ (ಸೈಟಿನ ಫೈಲುಗಳ ಸಂಗ್ರಹ) ಅಳಿಸಿ, ಹೊಸದು ತೆರೆದು, ಅವನ ಮನೆಗೆ ಹೋಗಿ ಫೋನಿನಲ್ಲಿ ತೋರಿಸಿ ಬಂದೆ.

ಅಂದಿನಿಂದ #ಸೈಟ್ ಅಂತ ನಾನೇ ಬರೆದ ಟಿಪ್ಪಣಿ ಮಾತ್ರ ಹೊರಗೆ ಹೋಗುತ್ತದೆ. ಟಿಪ್ಪಣಿಗಳ ಫೋಲ್ಡರ್ ಬೇರೆ, ಸೈಟಿನ ಫೋಲ್ಡರ್ ಬೇರೆ. ಪ್ರತಿ ಸಲ ಸ್ಕ್ರಿಪ್ಟ್ ಸೈಟಿನ ಪುಟಗಳನ್ನೂ ಪಬ್ಲಿಕ್ ಫೋಲ್ಡರನ್ನೂ ಪೂರ್ತಿ ಖಾಲಿ ಮಾಡಿ ಮೊದಲಿಂದ ಕಟ್ಟುತ್ತದೆ. ನೀವು ಶುರು ಮಾಡುವುದಾದರೆ ಇದನ್ನು ಮೊದಲ ದಿನವೇ ಮಾಡಿ.

ಈಗ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲುಗಳನ್ನು ಹಿಡಿದಿದ್ದೇನೆ. ಅಪ್ಪ ಹೇಳಿದ್ದನ್ನು ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟವು. ಈಗಿನ ಫೋನು, ಕಂಪ್ಯೂಟರುಗಳೆಲ್ಲ ಓದುವ ಯುನಿಕೋಡ್‌ಗೆ ತಿರುಗಿಸಿದರೆ ಅಲ್ಲಲ್ಲಿ ಅರ್ಕಾವತ್ತು ತಪ್ಪು ಜಾಗಕ್ಕೆ ಹೋಗುತ್ತದೆ, ‘ವರ್ಷ’ ಕೆಡುತ್ತದೆ. ಒಂದೊಂದೇ ಸಾಲು ಓದಿ ಹೇಳುತ್ತೇನೆ, ಅಪ್ಪ ಪಕ್ಕದಲ್ಲಿ ಕೂತು ಕೇಳುತ್ತಾರೆ. ನಿನ್ನೆ 2009ರ ಅಕ್ಟೋಬರ್ ನೆರೆಯ ಪುಟಕ್ಕೆ ಬಂದೆವು. “ಕೊಯ್ಲಿಗೆ ಬಂದಿದ್ದ ಭತ್ತ ನೀರಾಗ ಮೊಳಕೆ ಒಡೆದಿತ್ತು, ಅದನ್ನ ಬರಿದಿಲ್ಲ ನೀನು” ಅಂದರು. ಟೆಕ್ಸ್ಟ್ ಫೈಲ್ ತೆಗೆದು ಅದರ ಕೊನೆಗೆ ಸೇರಿಸಿದೆ.