ಮಾಚಿಪತ್ರೆ ಅಂತ ಪಾರ್ಥೇನಿಯಂ ಕಿತ್ತೀರಿ, ಜೋಕೆ!

ಗಣೇಶನ ಹಬ್ಬ ಬಂತೆಂದರೆ ಪಕ್ಕದ ಖಾಲಿ ಸೈಟಿನಿಂದ ಪಾರ್ಥೇನಿಯಂ ಎಲೆ ಕಿತ್ತು, ಮಾಚಿಪತ್ರೆ ಅಂತ ಪೂಜೆ ತಟ್ಟೆಗೆ ಹಾಕುವವರು ಸಿಗುತ್ತಾರೆ. ಹೂ ಬಿಟ್ಟ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಎಲ್ಲರಿಗೂ ಗೊತ್ತು. ಎಡವುವುದು ಅದಕ್ಕೂ ಮುಂಚೆ.

1. ಕೈಗೆ ಗ್ಲೌಸ್ ಹಾಕಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಆದರೂ ಸರಿ. ಚರ್ಮದ ಅಲರ್ಜಿ, ಉಬ್ಬಸ ಇರುವವರು ದೂರ ನಿಂತು ನೋಡಿದರೆ ಸಾಕು.

2. ಎಲೆ ನೋಡಿ. ಎಳೆ ಪಾರ್ಥೇನಿಯಂಗೆ ಕಾಂಡ ಕಾಣುವುದಿಲ್ಲ. ಆಳವಾಗಿ ಸೀಳಿದ ಎಲೆಗಳು ಸುತ್ತಲೂ ನೆಲಕ್ಕೆ ಅಂಟಿ ಹರಡಿರುತ್ತವೆ. ಈಗ ಒಂದು ಎಲೆ ಮಗುಚಿ. ಮಾಚಿಪತ್ರೆಯಾದರೆ ಅಡಿಭಾಗ ಬೂದಿ ಬಿಳುಪು, ಮೇಲ್ಭಾಗ ಹಸಿರು. ಪಾರ್ಥೇನಿಯಂಗೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಮಾಸಲು ಹಸಿರು, ಮೇಲೆ ಸಣ್ಣ ಸಣ್ಣ ರೋಮ. ಎಲೆ ಉಜ್ಜಿ ಮೂಸುವ ಅಭ್ಯಾಸ ಬಿಡಿ. ಮಾಚಿಪತ್ರೆ ಘಮ್ ಅನ್ನುತ್ತದೆ, ನಿಜ. ಆದರೆ ಊಹೆ ತಪ್ಪಾದರೆ ಕೈ ತುರಿಸಿಕೊಂಡು ಕೂರಬೇಕು. ಕಾಸ್ಮಾಸ್ ಹೂಗಿಡದ ಸಸಿ ಇರಬಹುದಾ ಅಂತ ಅನುಮಾನವೇ? ಗಿಡ ಸ್ವಲ್ಪ ಎದ್ದ ಮೇಲೆ ನೋಡಿ. ಕಾಸ್ಮಾಸ್ ಎಲೆ ಎದುರುಬದುರು ಜೋಡಿಯಾಗಿರುತ್ತದೆ, ಪಾರ್ಥೇನಿಯಂದು ಒಂದೊಂದೇ. ಮೊಬೈಲ್ ಆ್ಯಪ್ ಒಂದನ್ನೇ ನಂಬಿ ಕೂರಬೇಡಿ. ಈ ಹಂತದಲ್ಲಿ ಅವೂ ಎಡವುತ್ತವೆ.

3. ಪಾರ್ಥೇನಿಯಂ ಎದ್ದ ಮೇಲೆ ಕಾಂಡ ನೋಡಿ. ಅದರ ಮೇಲೆ ಉದ್ದುದ್ದ ಗೆರೆ.

4. ಹೂ ಬಿಳಿ, ಬರೀ 4-5 ಮಿಲಿಮೀಟರ್. ಜೂಮ್ ಮಾಡಿದರೆ ಐದು ಮೂಲೆಗೆ ಐದು ಪುಟ್ಟ ಎಸಳು. ಅಗ್ಗದ ಬೊಕೆಗಳಲ್ಲೂ ಇದು ನುಸುಳುತ್ತದೆ, ನೋಡಿ ಕೊಳ್ಳಿ.

ಎಲ್ಲಿ ಹುಡುಕಬೇಕು? ಇದು ಅಮೆರಿಕ ಖಂಡದ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ದೇಶವೆಲ್ಲ ಹಬ್ಬಿತು. ಮಣ್ಣು ಕೆದಕಿ ಬಿಟ್ಟ ಕಡೆಯೆಲ್ಲ ಬರುತ್ತದೆ: ಅರ್ಧ ಕಟ್ಟಿದ ಲೇಔಟು, ರಸ್ತೆ ಬದಿ, ರೈಲು ಹಳಿ, ಹೊಲದ ಬದು. ದಟ್ಟ ನೆರಳಿದ್ದರೆ ಏಳುವುದು ಕಷ್ಟ. ಲೋಡ್ ಮಣ್ಣು, ಗೊಬ್ಬರ ತರಿಸಿದ್ದರೆ ಮಳೆ ಬಿದ್ದ ಮೇಲೆ ಆ ಜಾಗದ ಮೇಲೆ ಕಣ್ಣಿಡಿ. ಮೊಳೆತು ತಿಂಗಳಾಗುವಷ್ಟರಲ್ಲಿ ಹೂ ಬಿಡಬಹುದು. ಒಂದೇ ಗಿಡ ಹತ್ತು ಸಾವಿರಕ್ಕೂ ಜಾಸ್ತಿ ಬೀಜ ಉದುರಿಸಬಲ್ಲದು. ಹಾಗಾಗಿ ಮಣ್ಣು ಹಸಿಯಿದ್ದಾಗಲೇ, ಹೂವಿಗೆ ಮುಂಚೆ, ಬೇರು ಸಮೇತ ಕೀಳಿ. ಉಪ್ಪುನೀರು ಹೊಡೆಯುವ ಸುಲಭದ ದಾರಿ ಕೈತೋಟದಲ್ಲಿ ಬೇಡವೇ ಬೇಡ, ಮಣ್ಣು ಕೆಡುತ್ತದೆ.

ಮಳೆಗಾಲದಲ್ಲಿ ಎಲೆಯೆಲ್ಲ ತೂತಾಗಿ, ಬಿಳಿಚು ಮೈಮೇಲೆ ಕಂದು ಪಟ್ಟೆಯ ಪುಟ್ಟ ಜೀರುಂಡೆ ಕಂಡರೆ ಗಿಡ ಬಹುತೇಕ ಪಾರ್ಥೇನಿಯಂ ಅಂತ ತಿಳಿಯಿರಿ. ಈ ಕಳೆ ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳು ಅದು. ಅಂಥ ಗಿಡಕ್ಕೆ ಕೀಟನಾಶಕ ಹೊಡೆಯಬೇಡಿ.