ಹಗುರ ಇ-ಎಂಟಿಬಿ: ಪಾರ್ಟ್ ಕೊಳ್ಳುವ ಮುಂಚೆ ಸೆಟಪ್ ಮುಗಿಸಿ

ಹೊಸದಾಗಿ ಹಗುರ ಎಲೆಕ್ಟ್ರಿಕ್ ಮೌಂಟನ್ ಬೈಕ್ ತಗೊಂಡವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಏನೇನು ಬದಲಾಯಿಸಲಿ? ಸದ್ಯಕ್ಕೆ ಏನೂ ಬೇಡ. ಶಾಕಿಗೆ (ಹಿಂದಿನ ಸಸ್ಪೆನ್ಷನ್) ಮತ್ತು ಫೋರ್ಕಿಗೆ (ಮುಂದಿನ ಸಸ್ಪೆನ್ಷನ್) ಗಾಳಿ ತುಂಬಲು ಒಂದು ಶಾಕ್ ಪಂಪ್, ಟೈರಿನ ಗಾಳಿ ಅಳೆಯಲು ಒಂದು ಡಿಜಿಟಲ್ ಗೇಜ್, ಬೋಲ್ಟನ್ನು ಹೇಳಿದಷ್ಟೇ ಬಿಗಿ ಮಾಡಲು ಒಂದು ಟಾರ್ಕ್ ರೆಂಚ್ ಕೊಳ್ಳಿ, ಸಾಕು. ಅಂಗಡಿಯಿಂದ ಬಂದ ಸೈಕಲ್ ನಿಮ್ಮ ತೂಕಕ್ಕೆ ಸೆಟ್ ಆಗಿರುವುದಿಲ್ಲ. ಅದನ್ನು ಹೊಂದಿಸಿಕೊಳ್ಳದೆ ನಾಲ್ಕು ದಿನ ಓಡಿಸಿ, ಫೋರ್ಕ್ ಗಟ್ಟಿ, ಟೈರ್ ಹಿಡಿಯುವುದಿಲ್ಲ ಅಂತ ತೀರ್ಮಾನ ಮಾಡಿದರೆ, ಚೆನ್ನಾಗಿರುವ ಪಾರ್ಟನ್ನೇ ಕಿತ್ತು ಹೊಸದಕ್ಕೆ ದುಡ್ಡು ಸುರಿಯಬೇಕಾಗುತ್ತದೆ.

ಹಗುರ ಅಂದರೆ ಎಷ್ಟು ಅಂತ ಮೊದಲು ನೋಡೋಣ. ಪೂರ್ತಿ ಪವರ್‌ನ ಇ-ಎಂಟಿಬಿ 22ರಿಂದ 25 ಕೆಜಿ, ಕೆಲವು ಅದಕ್ಕಿಂತಲೂ ಜಾಸ್ತಿ ತೂಗುತ್ತವೆ. ಅವುಗಳ ಮೋಟರ್ 85 ಎನ್‌ಎಂ (ನ್ಯೂಟನ್ ಮೀಟರ್) ಆಸುಪಾಸಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಹಗುರದವು ಸುಮಾರು 16ರಿಂದ 20 ಕೆಜಿ. ಟಿಕ್ಯೂ ಎಚ್‌ಪಿಆರ್50 ಮೋಟರ್ 50 ಎನ್‌ಎಂ, ಗರಿಷ್ಠ 300 ವ್ಯಾಟ್, ಅದರ ಜೊತೆ ಬರುವ ಬ್ಯಾಟರಿ 360 ವ್ಯಾಟ್ ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ). ಫಾಜುವಾ ರೈಡ್ 60 ಆದರೆ 60 ಎನ್‌ಎಂ, 450 ವ್ಯಾಟ್, 430 ವ್ಯಾಟ್ ಅವರ್. ಬಾಷ್ ಎಸ್‌ಎಕ್ಸ್ 55 ಎನ್‌ಎಂ, ಗರಿಷ್ಠ 600 ವ್ಯಾಟ್, 400 ವ್ಯಾಟ್ ಅವರ್. ಅಂದರೆ ನೀವು ಕೊಂಡಿರುವುದು ಅರ್ಧ ಕಾಲಿನ, ಅರ್ಧ ಮೋಟರಿನ ಸೈಕಲ್. ಇಲ್ಲಿ ಅರ್ಧ ಕೆಜಿ, ಅಲ್ಲಿ ಅರ್ಧ ಕೆಜಿ ಸೇರಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಭಾರದ ಸೈಕಲ್, ಅದಕ್ಕೊಂದು ಸಣ್ಣ ಮೋಟರ್. ಅದು ಯಾರಿಗೂ ಬೇಡ ಅಲ್ವಾ?

ತೂಕ ಇಳಿಸಿದರೆ ಬ್ಯಾಟರಿ ಜಾಸ್ತಿ ದೂರ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಒಂದು ಲೆಕ್ಕ ಹಾಕಿ ನೋಡಿ. ನೀವು, ಸೈಕಲ್, ನೀರು, ಸಾಮಾನು ಎಲ್ಲ ಸೇರಿ 100 ಕೆಜಿ ಅಂದುಕೊಳ್ಳಿ. ಅಷ್ಟನ್ನು 1000 ಮೀಟರ್ ಮೇಲೆ ಏರಿಸುವುದಕ್ಕೇ ಸುಮಾರು 272 ವ್ಯಾಟ್ ಅವರ್ ಬೇಕು, ಅದರಲ್ಲಿ ನಿಮ್ಮ ಕಾಲಿನದ್ದೂ ಒಂದು ಪಾಲು. ಹಾಗಾದರೆ 1 ಕೆಜಿಗೆ ಬಿದ್ದದ್ದು 2.7 ವ್ಯಾಟ್ ಅವರ್. 360ರ ಬ್ಯಾಟರಿಯಲ್ಲಿ ಇದು ಶೇ 1ಕ್ಕಿಂತಲೂ ಕಡಿಮೆ. ಟೈಟಾನಿಯಂ ಬೋಲ್ಟ್ ಹಾಕಿ ರೇಂಜ್ ಹೆಚ್ಚಿಸಲು ಆಗುವುದಿಲ್ಲ. ತೂಕದ ಲಾಭ ಬೇರೆ ಕಡೆ ಇದೆ. ಮುಂದಿನ ಚಕ್ರ ಎತ್ತಿ ಮರದ ಬೇರು ದಾಟಿಸುವಾಗ, ಬಿಗಿ ತಿರುವಿನಲ್ಲಿ ಸೈಕಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಲಗಿಸುವಾಗ, ಗೇಟಿನ ಮೇಲೆ ಎತ್ತಿ ಆಚೆ ಇಡುವಾಗ ಅದು ಕೈಗೆ ಗೊತ್ತಾಗುತ್ತದೆ. ಹಾಗಾಗಿ ಯಾವ ಪಾರ್ಟ್ ಬದಲಾಯಿಸುವ ಮುಂಚೆಯೂ, ಇದರಿಂದ ಸೈಕಲ್ ಕೈಗೆ ಹೇಗೆ ಸಿಗುತ್ತದೆ ಅಂತ ಕೇಳಿಕೊಳ್ಳಿ. ತಕ್ಕಡಿ ಏನು ಹೇಳುತ್ತದೆ ಅನ್ನುವುದು ಆಮೇಲಿನ ಮಾತು.

ಕೂರುವ ಭಂಗಿ ಬೇಗ ಮುಗಿಯುತ್ತದೆ. ಪೆಡಲ್ ತೀರಾ ಕೆಳಗಿದ್ದಾಗ ಮಂಡಿ ಸ್ವಲ್ಪ ಬಾಗಿರುವಷ್ಟು ಸೀಟಿನ ಎತ್ತರ ಇಡಿ. ಬ್ರೇಕ್ ಲಿವರನ್ನು ಒಂದೇ ಬೆರಳು ಅದರ ತುದಿಯ ಕೊಕ್ಕೆಯಲ್ಲಿ ಕೂರುವ ಹಾಗೆ ಒಳಗೆ ಸರಿಸಿ. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್‌ನ ಬೋಲ್ಟ್‌ಗಳ ಮೇಲೆ ಎಷ್ಟು ಎನ್‌ಎಂ ಅಂತ ಬರೆದಿರುತ್ತದೆ, ಸಾಮಾನ್ಯವಾಗಿ 5. ಅಷ್ಟಕ್ಕೇ ಬಿಗಿ ಮಾಡಿ, ಕಾರ್ಬನ್ ಹ್ಯಾಂಡಲ್ ಇದ್ದರಂತೂ ಅಂದಾಜಿನ ಮೇಲೆ ಬಿಗಿ ಮಾಡಲೇಬೇಡಿ.

ಸಸ್ಪೆನ್ಷನ್‌ಗೆ ಮಾತ್ರ ಒಂದು ಇಡೀ ಮಧ್ಯಾಹ್ನ ಕೊಡಿ. ಓಡಿಸುವಾಗ ಹಾಕುವ ಹೆಲ್ಮೆಟ್, ಶೂ, ನೀರು ತುಂಬಿದ ಚೀಲ ಎಲ್ಲ ಹಾಕಿಕೊಂಡೇ ಅಳೆಯಬೇಕು, ಯಾಕೆಂದರೆ ಅವೇ ಸೇರಿ ನಾಲ್ಕೈದು ಕೆಜಿ ಆಗಿಬಿಡುತ್ತವೆ. ಶಾಕಿನ ಲಿವರನ್ನು ಓಪನ್‌ಗೆ ಇಡಿ. ಗಾಳಿಯನ್ನು ಒಂದೇ ಸಲ ತುಂಬಬೇಡಿ. 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರಿಸಿದ ಹಾಗೆಲ್ಲ ಸೀಟನ್ನು ಒತ್ತಿ ಒತ್ತಿ ಶಾಕನ್ನು ನಾಲ್ಕಾರು ಸಲ ಆಡಿಸಿ. ಒಳಗೆ ಎರಡು ಗಾಳಿ ಕೋಣೆಗಳಿವೆ, ಹೀಗೆ ಆಡಿಸಿದಾಗಲೇ ಎರಡರ ಒತ್ತಡವೂ ಸರಿಹೋಗುವುದು. ಇದನ್ನು ಬಿಟ್ಟರೆ ಗೇಜ್ ಒಂದು ಹೇಳುತ್ತದೆ, ಶಾಕ್ ಇನ್ನೊಂದು ಮಾಡುತ್ತದೆ. ಪಂಪ್ ತಿರುಗಿಸಿ ತೆಗೆಯುವಾಗ ಬುಸ್ ಅನ್ನುವ ಗಾಳಿ ಪಂಪಿನ ಪೈಪಿನದ್ದು, ಶಾಕಿನದ್ದಲ್ಲ, ಗಾಬರಿ ಬೇಡ.

ಆಮೇಲೆ ಗೋಡೆಗೆ ಒಂದು ಕೈ ಕೊಟ್ಟು, ಪೆಡಲ್ ಮೇಲೆ ಎದ್ದು ನಿಂತು, ಇಳಿಜಾರಿನಲ್ಲಿ ಇಳಿಯುವ ಭಂಗಿಗೆ ಬನ್ನಿ. ಕುಪ್ಪಳಿಸಬೇಡಿ. ಇನ್ನೊಬ್ಬರು ಶಾಕ್ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಲಿ, ನೀವು ಮೆಲ್ಲಗೆ ಇಳಿಯಿರಿ. ಉಂಗುರ ಎಷ್ಟು ದೂರ ಸರಿದಿದೆಯೋ ಅದೇ ಸ್ಯಾಗ್, ಅಂದರೆ ನಿಮ್ಮ ಭಾರಕ್ಕೆ ಸಸ್ಪೆನ್ಷನ್ ಕುಗ್ಗುವ ಅಳತೆ. ಒಟ್ಟು ಕುಗ್ಗಬಲ್ಲ ದೂರದಲ್ಲಿ ಇದು ಶೇಕಡಾ ಎಷ್ಟು ಅಂತ ಲೆಕ್ಕ. ಹಿಂದೆ ಶೇ 28ರಿಂದ 30, ಮುಂದೆ ಶೇ 15ರಿಂದ 20 ಒಳ್ಳೆಯ ಶುರು. ಶಾಕಿನ ಸ್ಟ್ರೋಕ್ (ಒಟ್ಟು ಕುಗ್ಗಬಲ್ಲ ದೂರ) 55 ಮಿಮೀ ಇದ್ದರೆ ಶೇ 30 ಅಂದರೆ 16.5 ಮಿಮೀ. ಫೋರ್ಕ್ 150 ಮಿಮೀ ಇದ್ದರೆ ಶೇ 20 ಅಂದರೆ 30 ಮಿಮೀ. ಮೋಟರಿಲ್ಲದ ಸೈಕಲಿನಲ್ಲಿ ಹಾಕುತ್ತಿದ್ದ ಒತ್ತಡವನ್ನೇ ಇಲ್ಲಿ ಹಾಕಬೇಡಿ, ಸೈಕಲಿನದೇ ತೂಕ ಮೂರು ನಾಲ್ಕು ಕೆಜಿ ಹೆಚ್ಚಿದೆ, ಹೊಸದಾಗಿ ಅಳೆಯಿರಿ.

ಕುಗ್ಗಿದ ಸಸ್ಪೆನ್ಷನ್ ಎಷ್ಟು ಬೇಗ ಮರಳಿ ಮೇಲೇಳಬೇಕು ಅನ್ನುವುದೇ ರಿಬೌಂಡ್. ಅದರ ಗುಂಡಿಯನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಕ್ಲಿಕ್ ಎಣಿಸುತ್ತಾ ಬಿಚ್ಚಿ, ಮಧ್ಯದಲ್ಲಿ ನಿಲ್ಲಿಸಿ. ಗುಂಡಿಯ ಹತ್ತಿರ ಆಮೆ, ಮೊಲದ ಚಿತ್ರ ಇದ್ದರೆ ಆಮೆ ಕಡೆ ನಿಧಾನ, ಮೊಲದ ಕಡೆ ವೇಗ. ಬಾಕಿಯನ್ನು ದಾರಿಯೇ ಹೇಳಿಕೊಡುತ್ತದೆ. ಒಂದರ ಹಿಂದೆ ಒಂದು ಕಲ್ಲು ಬಂದಾಗ ಸೈಕಲ್ ಕುಗ್ಗುತ್ತಾ ಹೋಗಿ ಗಟ್ಟಿಯಾದರೆ ರಿಬೌಂಡ್ ನಿಧಾನವಾಗಿದೆ, ಎರಡು ಕ್ಲಿಕ್ ಬಿಡಿ. ಹಿಂದಿನ ಚಕ್ರ ನಿಮ್ಮನ್ನು ಮುಂದಕ್ಕೆ ಎಸೆಯುವ ಹಾಗಿದ್ದರೆ ಎರಡು ಕ್ಲಿಕ್ ಮುಚ್ಚಿ. ಸ್ಯಾಗ್ ಸರಿಯಿದ್ದೂ ಪದೇ ಪದೇ ಕೊನೆಯವರೆಗೆ ಹೋಗಿ ಗುದ್ದುತ್ತಿದ್ದರೆ ಗಾಳಿ ಏರಿಸಬೇಡಿ. ಗಾಳಿ ಕೋಣೆಯೊಳಗೆ ಹಾಕುವ ಪ್ಲಾಸ್ಟಿಕ್ ಟೋಕನ್ ಸಿಗುತ್ತದೆ, ಒಂದು ಸೇರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ದಾರಿಯಲ್ಲಿ ಮತ್ತೆ ಇಳಿದು ನೋಡಿ, ಫೋನಿನಲ್ಲಿ ಬರೆದಿಡಿ. ಎರಡನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ.

ಇನ್ನು ಮೋಟರಿನ ಆ್ಯಪ್. ಮೊದಲು ಬ್ಯಾಟರಿ ಚೆನ್ನಾಗಿ ಚಾರ್ಜ್ ಮಾಡಿ, ಸಾಫ್ಟ್‌ವೇರ್ ಅಪ್‌ಡೇಟ್ ಮುಗಿಸಿ. ಹೆಚ್ಚಿನ ಹಗುರ ಮೋಟರ್‌ಗಳಲ್ಲಿ ಪ್ರತಿ ಮೋಡ್‌ಗೂ (ಸಹಾಯದ ಹಂತ) ಎಷ್ಟು ಸಹಾಯ, ಗರಿಷ್ಠ ಎಷ್ಟು ವ್ಯಾಟ್, ಪೆಡಲ್ ತುಳಿದ ಕೂಡಲೇ ಎಷ್ಟು ಚುರುಕಾಗಿ ಎಳೆಯಬೇಕು ಅನ್ನುವುದನ್ನೆಲ್ಲ ಬದಲಾಯಿಸಬಹುದು. ಕಂಪನಿ ಇಟ್ಟ ಮಧ್ಯದ ಮೋಡ್ ಅನೇಕರಿಗೆ ಬೇಕಾದ್ದಕ್ಕಿಂತ ಜಾಸ್ತಿ ಎಳೆಯುತ್ತದೆ ಅನ್ನುವುದು ನನ್ನ ಅನಿಸಿಕೆ. ಬ್ಯಾಟರಿಯ ವ್ಯಾಟ್ ಅವರ್ ಅನ್ನು ಸರಾಸರಿ ವ್ಯಾಟಿನಿಂದ ಭಾಗಿಸಿ: 360ರ ಬ್ಯಾಟರಿಯಿಂದ ಎಡೆಬಿಡದೆ 300 ಎಳೆದರೆ 1 ಗಂಟೆ 12 ನಿಮಿಷ, 150 ಎಳೆದರೆ 2 ಗಂಟೆ 24 ನಿಮಿಷ. ಮೋಟರಿನೊಳಗೆ ಬಿಸಿಯಾಗಿ ಕಳೆಯುವ ಪಾಲೂ ಇರುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಕಡಿಮೆ. ರೇಂಜ್ ಬೇಕಾದರೆ ಇಲ್ಲಿ ಕೈ ಹಾಕಿ. ಕಡಿದಾದ ಜಲ್ಲಿ ಏರಿನಲ್ಲಿ ಹಿಂದಿನ ಚಕ್ರ ಜಾರುತ್ತಿದ್ದರೆ ಪೆಡಲ್ ಪ್ರತಿಕ್ರಿಯೆಯನ್ನು ಒಂದು ಮೆಟ್ಟಿಲು ಇಳಿಸಿ, ಹೊಸ ಟೈರ್ ಹಾಕಿದಷ್ಟೇ ವ್ಯತ್ಯಾಸ ಕೆಲವೊಮ್ಮೆ ಅದರಿಂದಲೇ ಸಿಗುತ್ತದೆ.

ತುಳಿಯುವ ರೀತಿಯೂ ಸೆಟಪ್‌ನದೇ ಭಾಗ. ಸಣ್ಣ ಮೋಟರ್‌ಗಳಿಗೆ ಕಾಲು ವೇಗವಾಗಿ ತಿರುಗಬೇಕು. ಬಾಷ್ ಎಸ್‌ಎಕ್ಸ್ ಅಂತೂ ಕಾಲು ಚುರುಕಾಗಿ ತಿರುಗಿದಾಗ ಮಾತ್ರ ತನ್ನ ಪೂರ್ತಿ ಬಲ ಕೊಡುತ್ತದೆ. ಏರು ಬರುವ ಮುಂಚೆಯೇ ಗೇರ್ ಇಳಿಸಿ, ನಿಮಿಷಕ್ಕೆ 80 ಸುತ್ತಿನ ಆಸುಪಾಸಿನಲ್ಲಿ ತುಳಿಯಿರಿ. ಗೇರ್ ಬದಲಾಯಿಸುವ ಕ್ಷಣದಲ್ಲಿ ಕಾಲಿನ ಒತ್ತಡ ಸಡಿಲಿಸಿ, ಯಾಕೆಂದರೆ ಚೈನ್ ಮೇಲೆ ನಿಮ್ಮ ಬಲದ ಜೊತೆ ಮೋಟರಿನದ್ದೂ ಇರುತ್ತದೆ. 12 ಸ್ಪೀಡ್ ಚೈನನ್ನು ಅಳತೆ ಪಟ್ಟಿಯಲ್ಲಿ ಶೇ 0.5 ಹಿಗ್ಗಿದ ಕೂಡಲೇ ಬದಲಾಯಿಸಿ. ಹಾಗೇ ಬಿಟ್ಟರೆ ಅದು ಕ್ಯಾಸೆಟ್ಟನ್ನೂ (ಹಿಂದಿನ ಗೇರ್ ಚಕ್ರಗಳ ಗುಂಪು) ತಿಂದು ಹಾಕುತ್ತದೆ.

ಈಗ ಅಪ್‌ಗ್ರೇಡ್. ಮೊದಲ ದುಡ್ಡು ಟೈರಿಗೆ. ಹಗುರ ಸೈಕಲ್ ಮಾರುವ ಕಂಪನಿಗಳು ತೂಕ ಕಡಿಮೆ ತೋರಿಸಲು ಪಕ್ಕದ ಗೋಡೆ ತೆಳುವಾಗಿರುವ ಟೈರ್ ಹಾಕಿ ಕಳಿಸುವುದು ಸಾಮಾನ್ಯ. ಮುಂದೆ ಮೆತ್ತನೆಯ, ಚೆನ್ನಾಗಿ ಕಚ್ಚುವ ರಬ್ಬರ್, ಮಧ್ಯಮ ಗೋಡೆ. ಹಿಂದೆ ಒಂದು ಹಂತ ಗಟ್ಟಿ ಗೋಡೆ, ಬೇಗ ಸವೆಯದ ರಬ್ಬರ್. ಹಿಂದಿನ ಟೈರ್ 200, 250 ಗ್ರಾಂ ಏರುತ್ತದೆ, ಅದೂ ತಿರುಗುವ ಜಾಗದಲ್ಲಿ. ಆದರೂ ಹಾಕಿ. ಹಾಗಾದರೆ ಮಾತ್ರ ಒತ್ತಡ ಇಳಿಸಿ ಓಡಿಸಲು ಆಗುವುದು, ಹಿಡಿತ ಬರುವುದು ಅಲ್ಲಿಂದಲೇ. 29 ಇಂಚಿಗೆ 2.4 ಅಗಲದ ಟ್ಯೂಬ್‌ಲೆಸ್ ಟೈರಿಗೆ 75, 80 ಕೆಜಿ ಸವಾರರು ಮುಂದೆ 21, ಹಿಂದೆ 24 ಪಿಎಸ್‌ಐನಿಂದ ಶುರು ಮಾಡಬಹುದು. ರಿಮ್ ಕಲ್ಲಿಗೆ ಬಡಿದ ಸದ್ದು ಕೇಳಿದರೆ ಒಂದೊಂದೇ ಏರಿಸಿ. ಒಂದು ಟೈರಿಗೆ 100ರಿಂದ 120 ಮಿಲೀ ಸೀಲಂಟ್ (ಸಣ್ಣ ತೂತುಗಳನ್ನು ತಾನೇ ಮುಚ್ಚುವ ದ್ರವ) ಹಾಕಿ. ಎರಡು ಮೂರು ತಿಂಗಳಿಗೊಮ್ಮೆ ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಒಳಗೆ ದ್ರವ ಕುಲುಕುವ ಸದ್ದು ಬರದಿದ್ದರೆ ಒಣಗಿದೆ ಅಂತಲೇ ಅರ್ಥ.

ಎರಡನೆಯದು ಬ್ರೇಕ್. ಎರಡು ಪಿಸ್ಟನ್ ಕ್ಯಾಲಿಪರ್ (ಪ್ಯಾಡ್‌ಗಳನ್ನು ಒತ್ತುವ ಭಾಗ) ಬಂದಿದ್ದರೆ ನಾಲ್ಕು ಪಿಸ್ಟನ್‌ಗೆ ಹೋಗಿ. ಅಷ್ಟು ಖರ್ಚು ಬೇಡವೆಂದರೆ 180ರ ರೋಟರ್ (ಬ್ರೇಕ್ ಹಿಡಿಯುವ ಡಿಸ್ಕ್) ತೆಗೆದು 200 ಅಥವಾ 203 ಮಿಮೀ ಹಾಕಿ. ಫ್ರೇಮ್ ಮತ್ತು ಫೋರ್ಕ್ ಎಷ್ಟು ದೊಡ್ಡ ರೋಟರ್ ತಡೆಯುತ್ತವೆ ಅಂತ ಅವುಗಳ ಪುಸ್ತಕದಲ್ಲಿ ಮೊದಲು ನೋಡಿ, ಸರಿಯಾದ ಅಡಾಪ್ಟರನ್ನೂ ಜೊತೆಗೇ ತರಿಸಿ. ಹಿಂದಿನ ರೋಟರ್ ಬಿಚ್ಚುವ ಮುಂಚೆ ಅದರ ನಡುಭಾಗವನ್ನು ಒಂದು ಸಲ ಬೆರಳಿನಿಂದ ಸವರಿ ನೋಡಿ. ಹಲವು ಇ-ಬೈಕ್‌ಗಳಲ್ಲಿ ಅಲ್ಲಿ ಒಂದು ಪುಟ್ಟ ಆಯಸ್ಕಾಂತ ಕೂತಿರುತ್ತದೆ, ಅದರ ಎದುರಿಗೇ ಫ್ರೇಮಿನಲ್ಲಿ ವೇಗದ ಸೆನ್ಸರ್. ಇನ್ನು ಕೆಲವದರಲ್ಲಿ ಆಯಸ್ಕಾಂತ ಟೈರಿನ ವಾಲ್ವ್ ಬುಡದಲ್ಲಿರುತ್ತದೆ. ಹೊಸ ರೋಟರಿಗೆ ಹಳೆಯದರ ಆಯಸ್ಕಾಂತವನ್ನು ವರ್ಗಾಯಿಸದೆ ಚಕ್ರ ಹಾಕಿದರೆ ಮೋಟರಿಗೆ ವೇಗ ಗೊತ್ತಾಗುವುದಿಲ್ಲ, ಸ್ವಲ್ಪ ದೂರ ಹೋಗುತ್ತಲೇ ಎರರ್ ತೋರಿಸಿ ಸಹಾಯ ನಿಲ್ಲಿಸುತ್ತದೆ, ಮೋಟರೇ ಕೆಟ್ಟಿತು ಅಂತ ಜನ ಅಂಗಡಿಗೆ ಓಡುತ್ತಾರೆ. ಹೊಸ ಪ್ಯಾಡ್ ಹಾಕಿದ ಮೇಲೆ ಓಡುವ ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದ ಹಾಗೆ, 20 ಸಲ ಬ್ರೇಕ್ ಹಿಡಿದು ಪಳಗಿಸಿ. ಉದ್ದ ಇಳಿಜಾರಿದ್ದರೆ ಮೆಟಲ್ ಪ್ಯಾಡ್ ಒಳ್ಳೆಯದು, ಸದ್ದು ಸ್ವಲ್ಪ ಮಾಡುತ್ತದೆ, ಬಿಸಿ ತಡೆಯುತ್ತದೆ.

ಇವೆರಡು ಆದ ಮೇಲೆ ಉಳಿದವು ನಿಮ್ಮ ನಿಮ್ಮ ದಾರಿಗೆ ತಕ್ಕಂತೆ. ಏರಿನಲ್ಲಿ ಪೆಡಲ್ ಕಲ್ಲಿಗೆ ಬಡಿಯುತ್ತಿದ್ದರೆ 170 ಮಿಮೀ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತೆಗೆದು 160 ಹಾಕಿ, ನಿಮ್ಮ ಮೋಟರಿನ ಆಕ್ಸಲ್‌ಗೆ ಕೂರುವಂಥದ್ದೇ ಇರಬೇಕು. ಕಾರ್ಬನ್ ಚಕ್ರ ಚೆನ್ನಾಗಿರುತ್ತದೆ, ಆದರೆ ಕೊನೆಗೆ. ಇಡೀ ಫೋರ್ಕ್ ಬದಲಾಯಿಸುವ ಆಸೆ ಬಂದರೆ ಮೊದಲು ಇರುವ ಫೋರ್ಕಿಗೆ ಎಣ್ಣೆ, ಸೀಲು ಬದಲಿಸಿ ಸರ್ವಿಸ್ ಮಾಡಿಸಿ ನೋಡಿ. ಬಹಳಷ್ಟು ಫೋರ್ಕ್‌ಗಳು ಸರ್ವಿಸ್ ಕಾಣದೆ ಗಟ್ಟಿಯಾಗಿರುತ್ತವೆ ಅಷ್ಟೇ. ಹಿಂದೆ 27.5 ಇಂಚಿನ ಚಕ್ರ ಹಾಕುವವರು ಫ್ರೇಮ್ ಅದಕ್ಕೆ ಒಪ್ಪುತ್ತದೆಯಾ ಅಂತ ಕೇಳಿಕೊಳ್ಳಿ, ಸುಮ್ನೆ ಹಾಕಿದರೆ ಪೆಡಲ್ ಇನ್ನೂ ನೆಲಕ್ಕೆ ಹತ್ತಿರವಾಗುತ್ತದೆ, ಚಕ್ರದ ಸುತ್ತಳತೆ ಬದಲಾದ್ದರಿಂದ ವೇಗದ ಲೆಕ್ಕವೂ ತಪ್ಪುತ್ತದೆ.

ಹೆಚ್ಚುವರಿ ಬ್ಯಾಟರಿ ಮಾತ್ರ ನನಗೆ ತುಂಬಾ ಇಷ್ಟವಾದ ಅಪ್‌ಗ್ರೇಡ್. ಟಿಕ್ಯೂಗೆ 160 ವ್ಯಾಟ್ ಅವರ್‌ನದು ಬರುತ್ತದೆ, ತೂಕ 1 ಕೆಜಿಯ ಆಸುಪಾಸು, ನೀರಿನ ಬಾಟಲಿ ಜಾಗದಲ್ಲಿ ಕೂರುತ್ತದೆ. ಬಾಷ್‌ನದು 250. ಉದ್ದ ದಿನಕ್ಕೆ ಹಾಕಿ, ಸಣ್ಣ ದಿನಕ್ಕೆ ಮನೆಯಲ್ಲೇ ಬಿಡಿ. ದೊಡ್ಡ ಬ್ಯಾಟರಿಯ ಭಾರವನ್ನು ದಿನವೂ ಹೊರುವ ಬದಲು ಬೇಕಾದಾಗ ಮಾತ್ರ ಹೊರುವುದು, ಹಗುರ ಸೈಕಲ್‌ಗೆ ಇದಕ್ಕಿಂತ ಸರಿಯಾದ ದಾರಿ ಇಲ್ಲ.

ವೇಗದ ಮಿತಿ ತೆಗೆಯುವ ಚಿಪ್ ಹಾಕಬೇಡಿ. ಯುರೋಪಿನಲ್ಲಿ ನಿರಂತರ 250 ವ್ಯಾಟ್, ಗಂಟೆಗೆ 25 ಕಿಮೀ ತನಕ ಸಹಾಯ ಅನ್ನುವ ಮಿತಿ ದಾಟಿದರೆ ಕಾನೂನಿನ ಕಣ್ಣಲ್ಲಿ ಅದು ಸೈಕಲ್ ಆಗಿ ಉಳಿಯುವುದಿಲ್ಲ. ವಾರಂಟಿಯೂ ಹೋಗುತ್ತದೆ. ಕಾಡಿನ ದಾರಿಗಳಲ್ಲಿ ಇ-ಬೈಕಿಗೆ ಜಾಗ ಸಿಗುತ್ತಿರುವುದೇ ಅದು ಸೈಕಲಿನ ಹಾಗೆ ನಡೆದುಕೊಳ್ಳುತ್ತದೆ ಅನ್ನುವ ನಂಬಿಕೆಯ ಮೇಲೆ, ಆ ದಾರಿಗಳು ಎಲ್ಲರಿಗೂ ಬೇಕು.

ಹೊಸ ಪಾರ್ಟ್ ಹಾಕಿ ಎರಡು ಮೂರು ಸಲ ಓಡಿಸಿದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ನೋಡಿ, ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಸುಕಿ ಸಡಿಲ ಇದೆಯಾ ಅಂತ ಪರೀಕ್ಷಿಸಿ. ತೊಳೆಯುವಾಗ ಮೋಟರ್, ಬೇರಿಂಗ್, ಚಾರ್ಜಿಂಗ್ ಜಾಗಕ್ಕೆ ಪ್ರೆಶರ್ ವಾಷರ್ ಹಿಡಿಯಬೇಡಿ, ಬಕೆಟ್ ನೀರು, ಬ್ರಷ್ ಸಾಕು. ಕೆಲವು ವಾರ ಓಡಿಸುವುದಿಲ್ಲ ಅಂತಿದ್ದರೆ ಬ್ಯಾಟರಿಯನ್ನು ಶೇ 30ರಿಂದ 60ರ ನಡುವೆ ಬಿಟ್ಟು ತಂಪಾದ, ಒಣಗಿದ ಜಾಗದಲ್ಲಿಡಿ. 0 ಡಿಗ್ರಿಗಿಂತ ತಣ್ಣಗಿರುವ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಮನೆಯೊಳಗೆ ತಂದು ಬೆಚ್ಚಗಾದ ಮೇಲೆ ಹಾಕಿ.